ಬಹುಪಾಲು ಯುವಕರು ಮಧ್ಯಮ

ಬೇಸಾಯದ ಬಗ್ಗೆ ಯುವಕರ ಮನೋಭಾವ ತಿಳಿಯಲು ಅವರನ್ನು ಕೇಳಲೇಬೇಕೆಂಬ ಕಾಲ ಹಿಂದಾಯಿತು. ಕೃಷಿ ವಿಸ್ತರಣಾ ಸಂಶೋಧನೆ (ಹೊಸ ತಿಳಿವಳಿಕೆ ರೈತರಿಗೆ ತಲುಪುವ ಬಗೆಯ ಅಧ್ಯಯನ) ಎಷ್ಟು ಪಳಗಿದೆಯೆಂದರೆ, ಪ್ರಶ್ನಾವಳಿ ಅಚ್ಚಾಗುವ ಮೊದಲೇ ಫಲಿತಾಂಶದ ಅಧ್ಯಾಯ ಬರೆದಿಡಬಹುದು: "ಬಹುಪಾಲು ಯುವಕರು ಮಧ್ಯಮ ಮಟ್ಟದ ಮನೋಭಾವ ಹೊಂದಿದ್ದಾರೆ."

ಕೈಚಳಕ ಇರುವುದು ಲೆಕ್ಕದಲ್ಲಿ. ಎಲ್ಲರ ಉತ್ತರಗಳಿಗೆ ಬಿದ್ದ ಅಂಕಗಳ ಸರಾಸರಿ ತೆಗೆಯಿರಿ. ಅದಕ್ಕಿಂತ ಒಂದು ಮಾನಕ ವಿಚಲನೆಯಾಚೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ ಅದು) ಕೆಳಗಿದ್ದವರು 'ಕಡಿಮೆ', ಮೇಲಿದ್ದವರು 'ಹೆಚ್ಚು', ಉಳಿದವರು 'ಮಧ್ಯಮ'. ಅಂಕಗಳು ಗಂಟೆಯಾಕಾರದಲ್ಲಿ ಹರಡಿದ್ದರೆ ಸುಮಾರು ಶೇ 68 ಮಂದಿ ನಡುವೆ ಬಂದು ಕೂರಲೇಬೇಕು. ಅವರ ಅಭಿಪ್ರಾಯ ಏನಿದ್ದರೂ ಸರಿ. ಅರ್ಧ ವಿಚಲನೆಗೆ ಗೆರೆ ಎಳೆದರೆ ಅದು ಶೇ 38ಕ್ಕೆ ಇಳಿಯುತ್ತದೆ, ಆದರೂ ಮೂರರಲ್ಲಿ ಅದೇ ದೊಡ್ಡ ಗುಂಪು. ಬೇಸಾಯಕ್ಕೆ ಶಾಪ ಹಾಕುವವರನ್ನಷ್ಟೇ ಆರಿಸಿ ಕೇಳಿ, ಅವರಲ್ಲೂ ಬಹುಪಾಲು ಮಧ್ಯಮರೇ!

ಅಮೆರಿಕದ ಮನೋವಿಜ್ಞಾನಿ ಲಿಕರ್ಟ್ 1932ರಲ್ಲಿ ಕೊಟ್ಟ, 'ಖಂಡಿತ ಒಪ್ಪುವುದಿಲ್ಲ' ಎಂಬಲ್ಲಿಂದ 'ಖಂಡಿತ ಒಪ್ಪುತ್ತೇನೆ' ಎಂಬವರೆಗಿನ ಐದು ಮೆಟ್ಟಿಲಿನ ಮಾಪಕದ ತಪ್ಪೇನೂ ಇಲ್ಲಿಲ್ಲ. ತಪ್ಪು ಹೇಳಿಕೆಗಳದ್ದು. "ಬೇಸಾಯ ಗೌರವದ ಹಾಗೂ ಲಾಭದ ಕೆಲಸ." ಗೌರವ ಒಪ್ಪಿ ಲಾಭ ಒಪ್ಪದ ಹುಡುಗ ಎಲ್ಲಿ ಟಿಕ್ ಹಾಕಬೇಕು? 'ತಟಸ್ಥ'. ಅಂಕ 3. ಒಂದು ಒಳ್ಳೆಯ ತಕರಾರು ಹೀಗೆ ಸರಾಸರಿಗೆ ಜಮೆಯಾಯಿತು. ಇನ್ನು ಕೇಳುವವರು ಇಲಾಖೆಯವರಂತೆ ಕಂಡರಂತೂ, ಸಹಾಯಧನ ಬಂದರೂ ಬಂದೀತೆಂದು ಎಲ್ಲಕ್ಕೂ 'ಒಪ್ಪುತ್ತೇನೆ'. ಇದನ್ನು ಹಿಡಿಯಲೆಂದೇ ಕೆಲವು ಹೇಳಿಕೆಗಳನ್ನು ಬೇಸಾಯಕ್ಕೆ ವಿರುದ್ಧವಾಗಿ ಬರೆದು, ಅವುಗಳ ಅಂಕವನ್ನು ಆಮೇಲೆ ತಿರುಗಿಸಬೇಕು: 5 ಇದ್ದದ್ದು 1. ತಿರುಗಿಸಲು ಮರೆತರೆ ಕ್ರಾನ್‌ಬಾಕ್ ಆಲ್ಫಾ, ಅಂದರೆ ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ, ಕುಸಿಯುತ್ತದೆ. ಆಗ ಆ ಹೇಳಿಕೆಗಳನ್ನೇ ಕಿತ್ತೆಸೆದರೆ ಆಲ್ಫಾ ಮತ್ತೆ ಎದ್ದು ನಿಲ್ಲುತ್ತದೆ, ಮಾರ್ಗದರ್ಶಕರೂ ಪ್ರಸನ್ನ.

ಮಾದರಿಗೆ ಊರಲ್ಲಿ ಸಿಕ್ಕವರೇ ಆದೀತು. ಊರು ಬಿಟ್ಟವರು ತಮ್ಮ ಮನೋಭಾವವನ್ನು ಬಸ್ ಹತ್ತಿ ತಿಳಿಸಿದ್ದಾರೆ; ಆ ಉತ್ತರಕ್ಕೆ ಪ್ರಶ್ನಾವಳಿಯಲ್ಲಿ ಕಾಲಂ ಇಲ್ಲ.

ಮುಂದಿನದು ಸಹಸಂಬಂಧ, ಅಂದರೆ ಮನೋಭಾವದ ಜೊತೆ ಇನ್ನಾವುದು ಏರಿಳಿಯುತ್ತದೆ ಎಂಬ ಲೆಕ್ಕ. ವಯಸ್ಸು, ಓದು, ಟಿವಿ ನೋಡುವುದು, ಸಾಹಸ ಪ್ರವೃತ್ತಿ ಎಂದು 14 ಅಂಶಗಳನ್ನು ಶೇ 5ರ ಮಟ್ಟದಲ್ಲಿ (ಇಲ್ಲದ ನಂಟು ಇದೆಯೆಂದು ನೂರಕ್ಕೆ ಐದು ಸಲ ತೋರಬಹುದಾದ ಮಟ್ಟ) ಪರೀಕ್ಷಿಸಿ. ಯಾವುದಕ್ಕೂ ನಿಜವಾದ ನಂಟಿಲ್ಲದಿದ್ದರೂ, ಅವು ಒಂದಕ್ಕೊಂದು ಸ್ವತಂತ್ರವಾಗಿದ್ದರೆ, ಕನಿಷ್ಠ ಒಂದರ ತಲೆಯ ಮೇಲೆ 'ನಂಟಿದೆ' ಎನ್ನುವ ನಕ್ಷತ್ರ ಬೀಳುವ ಸಾಧ್ಯತೆ ಸುಮಾರು ಶೇ 51. ಬಿದ್ದ ನಕ್ಷತ್ರಕ್ಕೆ ಕಾರಣ ಹೊಸೆಯಲು ಚರ್ಚೆಯ ಅಧ್ಯಾಯವಿದೆ.

ಜಮೀನು ಯಾರ ಹೆಸರಲ್ಲಿದೆ, ಬೆಳೆ ಮಾರಿದ ದುಡ್ಡು ಯಾರ ಕೈ ಸೇರುತ್ತದೆ, ಪಹಣಿಯಲ್ಲಿ ಹೆಸರಿಲ್ಲದ ಹುಡುಗನಿಗೆ ಸಾಲ ಕೊಡುವವರು ಯಾರು? ಇವೆಲ್ಲ ಮನೋಭಾವದ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಶಿಫಾರಸು ಮೂರು ದಿನಗಳ ತರಬೇತಿ. ಮೊದಲ ದಿನ ಬೆಳಿಗ್ಗೆ ಒಮ್ಮೆ, ಕೊನೆಯ ದಿನ ಊಟವಾದ ಮೇಲೆ ಇನ್ನೊಮ್ಮೆ ಅದೇ ಪ್ರಶ್ನಾವಳಿ. ಅಂಕ ಏರಿರುತ್ತದೆ. ಹೋಲಿಕೆಗೆ ತರಬೇತಿ ಪಡೆಯದ ಗುಂಪೊಂದು ಬೇಡವೇ ಎಂದರೆ, ಅವರಿಗೂ ಊಟ ಹಾಕಲು ಬಜೆಟ್ಟಿನಲ್ಲಿ ಬಾಬ್ತಿಲ್ಲ.