ದುಡ್ಡು ಕಟ್ಟಿದರೆ ಕ್ಷುದ್ರಗ್ರಹಕ್ಕೆ ನಿಮ್ಮ ಹೆಸರು? ಸತ್ಯಾಂಶ ಇಲ್ಲಿದೆ

ಹಣ ಕಟ್ಟಿದರೆ ಕ್ಷುದ್ರಗ್ರಹವೊಂದಕ್ಕೆ ನಿಮ್ಮವರ ಹೆಸರಿಟ್ಟು ಸರ್ಟಿಫಿಕೇಟ್ ಕೊಡುತ್ತಾರೆ ಎನ್ನುವ ಮೆಸೇಜ್ ಆಗಾಗ ಬರುತ್ತಿರುತ್ತದೆ. ಪ್ರೀತಿಪಾತ್ರರಿಗೆ ಒಳ್ಳೆಯ ಉಡುಗೊರೆ ಎಂದು ಹಲವರು ನಂಬಿ ಹಣ ಕಳಿಸುತ್ತಾರೆ. ಆದರೆ ಇದು ನಿಜವಲ್ಲ. ಕ್ಷುದ್ರಗ್ರಹದ ಹೆಸರು ಮಾರಾಟಕ್ಕಿಲ್ಲ.

ಕ್ಷುದ್ರಗ್ರಹಗಳೆಂದರೆ ಸೂರ್ಯನನ್ನು ಸುತ್ತುವ ಬಂಡೆಯಂಥ ಸಣ್ಣ ಕಾಯಗಳು. ಮಂಗಳ ಮತ್ತು ಗುರು ಗ್ರಹಗಳ ನಡುವೆ ಇವು ಹೆಚ್ಚಾಗಿರುವ ವಲಯದಲ್ಲಿ ಹೊಸದೊಂದು ಕಂಡಾಗ ಮೊದಲು ಸಿಗುವುದು ತಾತ್ಕಾಲಿಕ ಗುರುತು. ‘1969 ವಿಸಿ’ ಎಂಬುದನ್ನೇ ನೋಡಿ. 1969 ಅದು ಕಂಡ ವರ್ಷ. ‘ವಿ’ ಅಂದರೆ ನವೆಂಬರ್ ತಿಂಗಳ ಮೊದಲ ಅರ್ಧ. ‘ಸಿ’ ಅಂದರೆ ಆ ಅವಧಿಯಲ್ಲಿ ದಾಖಲಾದ ಮೂರನೆಯದು. ಎಷ್ಟು ಅಚ್ಚುಕಟ್ಟು ಅಲ್ವಾ! ಮುಂದೆ ಮತ್ತೆ ಮತ್ತೆ ಗಮನಿಸಿ, ಕಕ್ಷೆ ಖಚಿತವಾದ ಮೇಲೆ ಕಾಯಂ ಸಂಖ್ಯೆ ಸಿಗುತ್ತದೆ. ಇದಕ್ಕೆ ವರ್ಷಗಳೇ ಹಿಡಿಯಬಹುದು.

ಆಮೇಲೆ ಕಂಡುಹಿಡಿದವರು ಹೆಸರು ಸೂಚಿಸಬಹುದು. ಅವರಿಗೆ 10 ವರ್ಷ ಸಮಯವಿದೆ. ಇಂಗ್ಲಿಷ್ ಲಿಪಿಯಲ್ಲಿ 16 ಅಕ್ಷರ ಮೀರಬಾರದು. ಜಾಹೀರಾತಿನಂಥ ಹೆಸರು ನಡೆಯುವುದಿಲ್ಲ. ರಾಜಕಾರಣಿಗಳ ಹೆಸರಾದರೆ ಅವರು ತೀರಿಕೊಂಡು 100 ವರ್ಷ ಆಗಿರಬೇಕು. ಖಗೋಳ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಮಿತಿ ಒಪ್ಪಿದರೆ ಮಾತ್ರ ಹೆಸರು ಅಧಿಕೃತ.

ನೀವೇ ಪರೀಕ್ಷಿಸಬಹುದು. ಕ್ಷುದ್ರಗ್ರಹಗಳ ಡೇಟಾಬೇಸ್ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಉಚಿತ. ಹೆಸರು ಹಾಕಿ ಹುಡುಕಿ. ಅಧಿಕೃತವಾಗಿದ್ದರೆ ಸಂಖ್ಯೆ, ಕಂಡ ದಿನಾಂಕ, ಕಕ್ಷೆಯ ವಿವರ ಎಲ್ಲವೂ ಸಿಗುತ್ತವೆ. ಸರ್ಟಿಫಿಕೇಟಿನಲ್ಲಿರುವ ಸಂಖ್ಯೆಯನ್ನೂ ಹುಡುಕಿ, ಅಲ್ಲಿ ಯಾವ ಹೆಸರಿದೆ ನೋಡಿ.