ಮುಚ್ಚಿದ ಕಿಟಕಿಗಳ ಮುಂದೆ ನಿಂತು ‘ಎಷ್ಟು ಚೆಂದ’ ಎನ್ನುವವರಿಗೆ

ಫ್ರಾನ್ಸಿನ ನಡುಭಾಗದಲ್ಲಿರುವ ಕ್ರೊಜ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಮ್ಮ ಸಂಸಾರ. ಬೇಸಿಗೆ ಬಂತೆಂದರೆ ಪ್ಯಾರಿಸ್‌ನಿಂದ ಗೆಳೆಯರೂ ಬೆಂಗಳೂರು, ಮೈಸೂರುಗಳಿಂದ ನೆಂಟರೂ ಬರುತ್ತಾರೆ. ಅವರನ್ನು ಲಾ ಸೂತೆರೆನ್ ರೈಲು ನಿಲ್ದಾಣದಿಂದ ಕರೆತರುವುದು, ಅಡುಗೆ ಮಾಡಿ ಬಡಿಸುವುದು ನನಗೆ ಎಂದೂ ಭಾರವಾಗಿಲ್ಲ. ಆದರೆ ಮರುದಿನ ಬೆಳಿಗ್ಗೆ ಊರನ್ನು ಒಂದು ಸುತ್ತು ಹಾಕಿ ಬಂದು, ಕಾಫಿ ಕುಡಿಯುತ್ತ ಅವರು ಕೊಡುವ ತೀರ್ಪುಗಳನ್ನು ಕೇಳಿ ಕೇಳಿ ನನ್ನ ಸಹನೆ ಪೂರ್ತಿ ಮುಗಿದಿದೆ.

“ಎಂಥ ನೆಮ್ಮದಿ! ಒಂದು ನರಪಿಳ್ಳೆಯೂ ಇಲ್ಲ. ನೀನು ಪುಣ್ಯವಂತೆ ಕಣೇ” ಎನ್ನುತ್ತಾರೆ. ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು ಇದೇ ಮಾತು. 1851ರಲ್ಲಿ ಈ ಜಿಲ್ಲೆಯಲ್ಲಿ ಸುಮಾರು 2.87 ಲಕ್ಷ ಜನರಿದ್ದರು. ಈಗ ಉಳಿದಿರುವವರು 1.15 ಲಕ್ಷದ ಆಸುಪಾಸು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಗಂಡಸರು ಚಳಿಗಾಲ ಕಳೆಯುತ್ತಲೇ ಕಲ್ಲುಕೆಲಸ, ಗಾರೆಕೆಲಸಗಳಿಗಾಗಿ ಪ್ಯಾರಿಸ್‌ಗೆ ಕಾಲ್ನಡಿಗೆಯಲ್ಲೇ ಹೋಗುತ್ತಿದ್ದರು. ಪ್ರವಾಸಿಗರು ಇಂದು ಕಣ್ಣರಳಿಸಿ ನೋಡುವ ಆ ನಗರದ ಬೀದಿಗಳನ್ನು ಕಟ್ಟಿದ ಕೈಗಳಲ್ಲಿ ಇವರ ಕೈಗಳೂ ಇವೆ. ವರ್ಷದ ಕೊನೆಗೆ ಮನೆಗೆ ಮರಳುತ್ತಿದ್ದವರು ಕ್ರಮೇಣ ಹೆಂಡತಿ ಮಕ್ಕಳನ್ನೂ ಕರೆಸಿಕೊಂಡು ಅಲ್ಲಿಯೇ ನೆಲೆಸಿದರು. ಉಳಿದವರಲ್ಲಿ ಎಷ್ಟೋ ಜನರನ್ನು 1914ರಲ್ಲಿ ಶುರುವಾದ ಮೊದಲ ಮಹಾಯುದ್ಧ ನುಂಗಿತು. ಇದೇ ಜಿಲ್ಲೆಯ ಜಾಂತಿಯೂ ಎಂಬ ಊರಿನ ಸ್ಮಾರಕದಲ್ಲಿ ಅನಾಥ ಹುಡುಗನೊಬ್ಬ ಸತ್ತವರ ಹೆಸರುಗಳತ್ತ ಮುಷ್ಟಿ ಎತ್ತಿ ನಿಂತಿದ್ದಾನೆ. “ಯುದ್ಧಕ್ಕೆ ಶಾಪವಿರಲಿ” ಎಂಬ ಮಾತನ್ನು ಅಲ್ಲಿ ಕೆತ್ತಿದ್ದಾರೆ. ಅದರ ಮುಂದೆಯೂ ನಗುತ್ತ ಫೋಟೋ ತೆಗೆಸಿಕೊಂಡವರನ್ನು ನಾನು ಕಂಡಿದ್ದೇನೆ.

ಅವರ ಫೋಟೋಗಳಲ್ಲಿ ಹೆಚ್ಚಾಗಿ ಇರುವುದು ನೀಲಿ ಬಣ್ಣ ಉದುರಿದ ಮರದ ಕಿಟಕಿಬಾಗಿಲುಗಳು. ಅವು ಮುಚ್ಚಿರುವುದು ಚೆಂದಕ್ಕಲ್ಲ. ಒಳಗೆ ಬದುಕಿದ್ದ ಮುದುಕಿ ತೀರಿಕೊಂಡಿದ್ದಾಳೆ, ಮಕ್ಕಳು ದೂರದ ನಗರಗಳಲ್ಲಿದ್ದಾರೆ, ಆಸ್ತಿ ಪಾಲಾಗದೆ ಉಳಿದಿದೆ, ಮಾಡು ಸೋರಿ ಅಟ್ಟ ಕುಸಿಯುತ್ತಿದೆ. ಇಷ್ಟನ್ನು ವಿವರಿಸಿ ಹೇಳಿದ ಮೇಲೂ “ಆದರೂ ಎಷ್ಟು ಕಲಾತ್ಮಕವಾಗಿದೆ ನೋಡು” ಎಂಬ ಉತ್ತರ ಬಂದರೆ ಸಿಟ್ಟು ಬರದೆ ಇನ್ನೇನು ಬರಬೇಕು?

ಹೀಗೆ ಊರು ಸಾಯುತ್ತಿರುವ ಗುರುತುಗಳನ್ನೆಲ್ಲ ಹೊಗಳುವ ಇದೇ ಜನ, ಊರು ಬದುಕಿರುವ ಗುರುತು ಕಂಡ ಕೂಡಲೇ ಮುಖ ಸಿಂಡರಿಸುತ್ತಾರೆ. ಚರ್ಚಿನ ಗಂಟೆ ರಾತ್ರಿಯೂ ಹೊಡೆಯುತ್ತದೆ ಎಂದು ದೂರು. ಹೊಲದಲ್ಲಿದ್ದವನು ಮೊದಲ ಸಲ ಎಣಿಕೆ ತಪ್ಪಿದರೂ ಗಂಟೆ ತಿಳಿಯಲೆಂದು ನಮ್ಮಲ್ಲಿ ಅದು ಎರಡೆರಡು ಸಲ ಹೊಡೆಯುತ್ತದೆ ಎಂದು ಹೇಳಿದರೆ ಕೇಳಿಸಿಕೊಳ್ಳುವುದಿಲ್ಲ. ಮಳೆಗೆ ಮೊದಲು ಹುಲ್ಲು ಸಾಗಿಸಬೇಕಾದ ನೆರೆಮನೆಯ ರೈತ ರಾತ್ರಿ ಹತ್ತರವರೆಗೆ ಟ್ರ್ಯಾಕ್ಟರ್ ಓಡಿಸಿದರೆ ತಪ್ಪು, ಲಿಮೂಸಿನ್ ತಳಿಯ ದನಗಳ ಗೊಬ್ಬರವನ್ನು ಹೊಲಕ್ಕೆ ಹರಡಿದರೆ ಇನ್ನೂ ದೊಡ್ಡ ತಪ್ಪು. ಒಲೆರಾನ್ ದ್ವೀಪದಲ್ಲಿ ಮೋರಿಸ್ ಎಂಬ ಹುಂಜದ ಕೂಗು ಸಹಿಸದ, ರಜೆಗಷ್ಟೇ ಬರುವ ನೆರೆಯವರು ಕೋರ್ಟಿಗೇ ಹೋದರು. 2019ರ ಸೆಪ್ಟೆಂಬರ್‌ನಲ್ಲಿ ರೋಷ್‌ಫೋರ್ ನ್ಯಾಯಾಲಯವು ಹುಂಜದ ಪರವಾಗಿ ತೀರ್ಪಿತ್ತು, ದೂರುದಾರರೇ 1000 ಯೂರೋ ಪರಿಹಾರ ಕೊಡಬೇಕೆಂದಿತು. ಹಳ್ಳಿಗಾಡಿನ ಸದ್ದುಗಳೂ ವಾಸನೆಗಳೂ ದೇಶದ ಪರಂಪರೆಯ ಭಾಗವೆಂದು ಒಪ್ಪುವ ಕಾನೂನು 2021ರ ಜನವರಿ 29ರಂದು ಬಂತು. ಕೋಳಿ ಕೂಗಲು, ಸಗಣಿ ನಾರಲು ಸಂಸತ್ತಿನ ಕಾನೂನೇ ಬೇಕಾಯಿತೆಂದರೆ ಹಳ್ಳಿಯವರನ್ನು ಎಲ್ಲಿಗೆ ತಂದು ನಿಲ್ಲಿಸಿದ್ದಾರೆ ಎಂದು ಯೋಚಿಸಬೇಕು.

ಇನ್ನು ಅಂಗಡಿಗಳ ವಿಷಯ. ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಮುಚ್ಚಿದೆ, ಭಾನುವಾರ ಮಧ್ಯಾಹ್ನ ಮುಚ್ಚಿದೆ, ಸೋಮವಾರವೂ ಮುಚ್ಚಿದೆ, ಆದ್ದರಿಂದ ಇಲ್ಲಿನವರು ಸೋಮಾರಿಗಳು! ನಮ್ಮ ಬ್ರೆಡ್ ಅಂಗಡಿಯಾತ ನಸುಕಿನ ಮೂರಕ್ಕೇ ಎದ್ದು ಹಿಟ್ಟು ನಾದುತ್ತಾನೆ; ಸುತ್ತಲಿನ ಊರುಗಳಲ್ಲಿ ಈ ಕೆಲಸಕ್ಕೆ ಉಳಿದಿರುವವನು ಅವನೊಬ್ಬನೇ. ಬ್ಯಾಗೆಟ್ ಎಂಬ ಉದ್ದನೆಯ ಬ್ರೆಡ್ ತಯಾರಿಸುವ ಕುಶಲತೆಗೆ 2022ರಲ್ಲಿ ಯುನೆಸ್ಕೋ ಮನ್ನಣೆ ಸಿಕ್ಕಿತೆಂದು ಬೀಗುವವರಿಗೆ ಅದನ್ನು ಸುಡುವವನು ವಾರಕ್ಕೊಂದು ದಿನ ಮಲಗುವುದು ಸಹಿಸುವುದಿಲ್ಲ. ಅಂಗಡಿಗೆ ನುಗ್ಗಿ ಒಂದು ‘ಬೋಂಜೂರ್’ ಕೂಡ ಹೇಳದೆ ನೇರವಾಗಿ ಬೆರಳು ತೋರಿಸಿ ಬೆಲೆ ಕೇಳಿದ ನೆಂಟರೊಬ್ಬರು, ಮನೆಗೆ ಬಂದು “ಇಲ್ಲಿನವರು ಒರಟರು” ಎಂದರು. ಇಲ್ಲಿ ಒಳಗೆ ಬಂದವರು ಮೊದಲು ಎಲ್ಲರಿಗೂ ನಮಸ್ಕಾರ ಹೇಳುವುದು ರೂಢಿ. ಹೇಳದಿದ್ದರೆ ಅದು ಅವಮಾನ. ಅಂಗಡಿಯಾಕೆ ಮುಖ ಗಂಟಿಕ್ಕಿದ್ದು ನ್ಯಾಯವೇ ಆಗಿತ್ತು. ಆ ನೆಂಟರಿಗೆ ಇದನ್ನೆಲ್ಲ ನಾನು ಮೊದಲೇ ತಿಳಿಸಿಯೂ ಇದ್ದೆ.

ವೈದ್ಯರ ಮಾತು ಎತ್ತಿದರೆ ಯಾರಿಗೂ ಆಸಕ್ತಿಯಿಲ್ಲ. ಪಕ್ಕದ ಮನೆಯ ಅಜ್ಜಿ ಕಣ್ಣಿನ ತಪಾಸಣೆಗೆ ತಿಂಗಳುಗಟ್ಟಲೆ ಕಾಯುತ್ತಾಳೆ, ಅವಳನ್ನು ಕಾರಿನಲ್ಲಿ ಲಿಮೋಜ್ ನಗರಕ್ಕೆ ಕರೆದೊಯ್ಯಲು ಯಾರಾದರೂ ಕೆಲಸ ಬಿಡಬೇಕು ಎಂದು ನಾನು ಹೇಳುತ್ತಿರುವಾಗಲೇ “ಇಲ್ಲಿ ಮನೆಗಳ ಬೆಲೆ ಎಷ್ಟು?” ಎಂಬ ಪ್ರಶ್ನೆ ಬಂದಿರುತ್ತದೆ. ಒಂದು ಮನೆ ಕೊಂಡಿಟ್ಟರೆ ವರ್ಷಕ್ಕೆ ಎರಡು ವಾರ ಬಂದು ಇರಬಹುದಲ್ಲ ಎಂಬುದು ಅವರ ಲೆಕ್ಕ.

ಬೇಡ, ದಯವಿಟ್ಟು ಕೊಳ್ಳಬೇಡಿ. ಐವತ್ತು ವಾರ ಬೀಗ ಬೀಳುವ ಮನೆಗಳು ನಮ್ಮ ಊರಲ್ಲಿ ಸಾಕಷ್ಟಿವೆ. ಕೊಳ್ಳುವುದೇ ಆದರೆ ಚಳಿಗಾಲದಲ್ಲೂ ಒಲೆ ಹೊತ್ತಿಸಿ ಬದುಕಲು ಬನ್ನಿ, ಮಕ್ಕಳನ್ನೂ ಕರೆತನ್ನಿ. ಇಲ್ಲಿ ಅಕ್ಕಪಕ್ಕದ ಮೂರು ಊರುಗಳು ಸೇರಿ ಒಂದೇ ಶಾಲೆಯನ್ನು ಹಂಚಿಕೊಂಡಿವೆ. ಚಿಕ್ಕವರ ತರಗತಿ ಒಂದು ಊರಲ್ಲಿ, ದೊಡ್ಡವರದು ಇನ್ನೊಂದರಲ್ಲಿ, ನಡುವೆ ಬಸ್ಸು. ಮಕ್ಕಳ ಸಂಖ್ಯೆ ಸಾಲದೆಂದು ಒಂದು ತರಗತಿಯನ್ನು ಮುಚ್ಚುವ ಮಾತು ನಡೆಯುತ್ತಿದೆ, ಅದನ್ನು ಉಳಿಸಿಕೊಳ್ಳಲು ಮೂರು ನಾಲ್ಕು ಮಕ್ಕಳು ಸಿಕ್ಕರೂ ಸಾಕು.