ಹೀಟರ್ ಹಿಂದಿನವನು

ನೆಮ್ಮದಿಗೆ ಅಂತ ಅಕ್ವೇರಿಯಂ ಇಟ್ಟವನು ನಾನು. ಈಗ ದಿನಾ ಸಂಜೆ ಅದರ ಮುಂದೆ ಕೂತು ಜಗಳ ಬಿಡಿಸುವುದೇ ಕೆಲಸವಾಗಿದೆ. ಜಗಳ ಆಡುವವರು ಇಬ್ಬರು, ಗೌರಾಮಿ ಅನ್ನುವ ಮೀನುಗಳು. ಒಬ್ಬ ನೀಲಿ, ಇನ್ನೊಬ್ಬ ಬಂಗಾರದ ಬಣ್ಣ. ಬಣ್ಣ ಬೇರೆ, ಅಂದಮೇಲೆ ಜಾತಿಯೂ ಬೇರೆ, ತಂಟೆ ಇರುವುದಿಲ್ಲ ಅಂದುಕೊಂಡು ತಂದಿದ್ದೆ. ಆಮೇಲೆ ಗೊತ್ತಾಯಿತು, ಎರಡೂ ಒಂದೇ ಜಾತಿ. ಮೂರು ಚುಕ್ಕಿ ಗೌರಾಮಿ ಅಂತ ಅದರ ಹೆಸರು. ಮೈಮೇಲೆ ಇರುವುದು ಎರಡೇ ಚುಕ್ಕಿ, ಮೂರನೆಯದು ಎಲ್ಲಿ ಅಂತ ಬಹಳ ಹುಡುಕಿದೆ. ಕಣ್ಣನ್ನೇ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರಂತೆ! ಹೆಸರಿಟ್ಟವರ ಉದಾರತನ ನೋಡಿ.

ಎರಡೂ ಗಂಡು ಅನ್ನುವುದು ಇನ್ನೂ ತಡವಾಗಿ ತಿಳಿಯಿತು. ಬೆನ್ನಿನ ರೆಕ್ಕೆ ಉದ್ದವಾಗಿ ಚೂಪಾಗಿದ್ದರೆ ಗಂಡು, ಗಿಡ್ಡವಾಗಿ ದುಂಡಗಿದ್ದರೆ ಹೆಣ್ಣು. ಮರಿಗಳನ್ನು ಕೊಳ್ಳುವಾಗ ಅಷ್ಟೆಲ್ಲ ಎಲ್ಲಿ ಕಾಣುತ್ತದೆ?

ನೋಡೋಕೆ ಮಾತ್ರ ಗೌರಾಮಿಯಂಥ ಸಾಧು ಮೀನು ಇಲ್ಲ. ಹೊಟ್ಟೆಯಡಿಯ ಎರಡು ರೆಕ್ಕೆಗಳು ಉದ್ದ ದಾರದ ಹಾಗೆ ಇಳಿಬಿದ್ದಿರುತ್ತವೆ. ಅವನ್ನು ಚಾಚಿ ಕಲ್ಲು, ಎಲೆ, ಪಕ್ಕದ ಮೀನು ಎಲ್ಲವನ್ನೂ ಮೆಲ್ಲಗೆ ಮುಟ್ಟಿ ನೋಡುತ್ತದೆ, ಕತ್ತಲೆಯಲ್ಲಿ ಚಪ್ಪಲಿ ಹುಡುಕುವವರ ಹಾಗೆ. ನೀಲಿಯವನೂ ಮೊದಲ ವಾರ ಹಾಗೇ ಇದ್ದ. ಒಂದು ದಿನ ಫಿಲ್ಟರ್‌ನ ನೀರು ಅಲುಗಿಸದ ಒಂದು ಮೂಲೆ ಹಿಡಿದ. ಮೇಲೆ ಗುಳ್ಳೆ ಬಿಟ್ಟು, ಬಾಯಿಯ ಅಂಟು ಸೇರಿಸಿ ನೊರೆಯ ಗೂಡು ಕಟ್ಟಿದ. ಅಷ್ಟೇ, ಅವತ್ತಿನಿಂದ ಆ ಮೂಲೆಯಷ್ಟೇ ಅಲ್ಲ, ಮೂಲೆಯಿಂದ ಅವನ ಕಣ್ಣಿಗೆ ಕಂಡದ್ದೆಲ್ಲ ಅವನದೇ ಆಯಿತು. ನಾಲ್ಕೂ ಕಡೆ ಗಾಜಿನ ಮನೆಯಲ್ಲಿ ಕಣ್ಣಿಗೆ ಕಾಣದ್ದು ಏನಿರುತ್ತದೆ ಹೇಳಿ?

ಬಂಗಾರದವನು ಹೀಟರ್ ಹಿಂದೆ ಸೇರಿದ. ಬಾಲ ಹರಿದಿತ್ತು, ಬಣ್ಣ ಮಂಕಾಗಿತ್ತು. ಅಡಗಿ ಕೂತರೂ ಪಾರಾಗುವ ಹಾಗಿಲ್ಲ ಪಾಪ, ಯಾಕಂದರೆ ಗೌರಾಮಿ ಕಿವಿರಿನ ಜೊತೆಗೆ ಲ್ಯಾಬಿರಿಂತ್ ಅನ್ನುವ ಅಂಗದಿಂದಲೂ ಉಸಿರಾಡುತ್ತದೆ, ಅದಕ್ಕಾಗಿ ಆಗಾಗ ನೀರಿನ ಮೇಲೆ ಬಂದು ಗಾಳಿ ನುಂಗಲೇಬೇಕು. ಇದು ನೀಲಿಯವನಿಗೂ ಗೊತ್ತಿತ್ತೋ ಏನೋ. ಅವನು ಮೇಲೇ ಕಾಯುತ್ತಿದ್ದ. ಒಂದು ಗುಟುಕು ಗಾಳಿಗಾಗಿ ಒಂದು ಏಟು ತಿನ್ನುವುದನ್ನು ನೋಡುತ್ತಾ ನನಗೆ ಊಟ ಇಳಿಯುತ್ತಿರಲಿಲ್ಲ.

ಮೊದಲು ಊಟವನ್ನು ಎರಡು ತುದಿಗೆ ಹಾಕಿ ನೋಡಿದೆ. ನೀಲಿಯವನು ಇಲ್ಲಿ ಒಂದು ಬಾಯಿ ಹಾಕಿ, ಓಡಿಹೋಗಿ ಅಲ್ಲಿಯೂ ಒಂದು ಬಾಯಿ ಹಾಕಿ ಬರುತ್ತಿದ್ದ. ಆಮೇಲೆ ಹೆಣ್ಣುಗಳನ್ನು ತಂದೆ. ಒಂದೇ ಹೆಣ್ಣಾದರೆ ಅಟ್ಟಿಸಿಕೊಂಡು ಸುಸ್ತಾಗುತ್ತದೆ, ಎರಡು ಮೂರಿದ್ದರೆ ಕಾಟ ಹಂಚಿಹೋಗುತ್ತದೆ. ಅದು ನಿಜವೇ, ಆದರೆ ಗಂಡುಗಂಡಿನ ವ್ಯಾಜ್ಯ ಅದರಿಂದ ತೀರಲಿಲ್ಲ. ನಿಜವಾಗಿ ಕೆಲಸಕ್ಕೆ ಬಂದದ್ದು ಗಿಡ. ಮೇಲೆ ತೇಲುವ ಗಿಡ, ನಡುವೆ ದಟ್ಟವಾಗಿ ಬೆಳೆದ ಗಿಡ, ಒಂದು ಅಡ್ಡಾದಿಡ್ಡಿ ಮರದ ಬೇರು. ಒಬ್ಬನಿಗೆ ಇನ್ನೊಬ್ಬ ಕಾಣದಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಬಂಗಾರದವನು ತೇಲುವ ಬೇರುಗಳ ಮರೆಯಲ್ಲಿ ಕದ್ದು ಗಾಳಿ ಕುಡಿಯಲು ಕಲಿತ.

ಅಷ್ಟಕ್ಕೆ ಬಿಡಬೇಕಿತ್ತು. ನಾನು ನ್ಯಾಯ ಮಾಡಲು ಹೋದೆ. ಪುಂಡನನ್ನು ಕೆಲವು ದಿನ ಬೇರೆ ಇಟ್ಟು, ಅಷ್ಟರಲ್ಲಿ ಕಲ್ಲು ಗಿಡಗಳ ಜಾಗ ಬದಲಿಸಿ, ಕೊನೆಗೆ ಅವನನ್ನು ಹೊಸಬನ ಹಾಗೆ ಬಿಡಬೇಕು, ಆಗ ಹಳೆಯ ಮೂಲೆ ನನ್ನದು ಅನ್ನುವ ಗತ್ತು ಇರುವುದಿಲ್ಲ. ಒಳ್ಳೆಯ ಉಪಾಯವೇ. ನೀಲಿಯವನನ್ನು ಐದು ದಿನ ಸಣ್ಣ ಟ್ಯಾಂಕಿಗೆ ಹಾಕಿದೆ. ಎರಡನೇ ದಿನ ಬಂಗಾರದವನು ಹೀಟರ್ ಬಿಟ್ಟು ಹೊರಬಂದ. ಮೂರನೇ ದಿನ ಬಣ್ಣ ಏರಿತು. ನಾಲ್ಕನೇ ದಿನ ಗುಳ್ಳೆ ಬಿಡಲು ಶುರು ಮಾಡಿದ. ಐದನೇ ದಿನ, ಇಷ್ಟು ದಿನ ಇವನ ಕಷ್ಟದಲ್ಲಿ ಜೊತೆಗಿದ್ದ ಹೆಣ್ಣುಗಳನ್ನೇ ಟ್ಯಾಂಕಿನ ಉದ್ದಕ್ಕೂ ಅಟ್ಟಿಸಿಕೊಂಡು ಹೋದ. ನೀಲಿಯವನನ್ನು ವಾಪಸ್ ಬಿಟ್ಟೆ. ಅರ್ಧ ಗಂಟೆಯಲ್ಲಿ ಹೀಟರ್ ಹಿಂದೆ ಯಾರಿದ್ದರು ಗೊತ್ತಲ್ವಾ?

ಮುತ್ತಿಡುವ ಗೌರಾಮಿ ಅಂತ ಇನ್ನೊಂದು ಇದೆ. ಎರಡು ಮೀನು ತುಟಿಗೆ ತುಟಿ ಕೊಟ್ಟು ನಿಲ್ಲುವುದನ್ನು ಕಂಡು ಜನ ಮರುಳಾಗುತ್ತಾರೆ. ಅದು ಮುತ್ತಲ್ಲ, ಬಹುತೇಕ ಬಲಾಬಲದ ಪರೀಕ್ಷೆ. ಶಾಂತವಾದದ್ದೇ ಬೇಕಾದರೆ ಜೇನು ಗೌರಾಮಿ, ಮುತ್ತಿನ ಗೌರಾಮಿ ಇವೆ. ಇದನ್ನು ಮೊದಲೇ ಓದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ.

ಕೊನೆಗೆ ನೀಲಿಯವನಿಗೆ ಬೇರೆ ಮನೆಯೇ ಆಯಿತು. ಒಬ್ಬನೇ ಇದ್ದಾನೆ, ಇನ್ನು ಯಾರ ಜೊತೆ ಜಗಳ ಅಂದುಕೊಂಡೆ. ರಾತ್ರಿ ಕೋಣೆ ಕತ್ತಲಾಗಿ ಅವನ ಟ್ಯಾಂಕಿನ ದೀಪವಷ್ಟೇ ಉರಿಯುತ್ತಿದ್ದರೆ ಗಾಜು ಕನ್ನಡಿಯಾಗುತ್ತದೆ. ಅದರಲ್ಲಿ ಅವನಷ್ಟೇ ಗಾತ್ರದ, ಅವನಷ್ಟೇ ಕೋಪದ ಇನ್ನೊಬ್ಬ ನೀಲಿ ಮೀನು! ರೆಕ್ಕೆ ಅರಳಿಸಿ ಗಾಜಿಗೆ ಗುದ್ದುತ್ತಾನೆ. ಹಾಗಾಗಿ ಅವನ ದೀಪ ಆರಿಸುವ ತನಕ ಕೋಣೆಯ ದೀಪವನ್ನೂ ಹಾಕಿಯೇ ಇಡುತ್ತೇನೆ. ಯಾರೂ ಇಲ್ಲದ ಕೋಣೆಗೆ ದೀಪ ಯಾಕೆ ಅಂತ ಮನೆಯಲ್ಲಿ ಕೇಳುತ್ತಾರೆ. ಸುಮ್ನೆ ಇರುತ್ತೇನೆ, ಇಲ್ಲಿ ಇನ್ನೊಂದು ಜಗಳ ಬೇಡ.